ನುಸಿಗುಳಿಗೆಯ ಸೀರೆ

ಹೋದ ವಾರ ಅಮ್ಮ ಮಂಚದ ಕೆಳಗಿನ ಟ್ರಂಕು ಎಳೆದು ಮುಚ್ಚಳ ತೆಗೆದಳು. ತಂಗಿ ಹೆರಿಗೆಗೆಂದು ಬಂದಿದ್ದಾಳೆ, ಮಗುವಿಗೆ ಹಾಸಲು ಮೆತ್ತನೆಯ ಹಳೇ ಸೀರೆಗಳು ಬೇಕಿದ್ದವು. ನುಸಿಗುಳಿಗೆಯ ಘಾಟು ನಡುಮನೆಯವರೆಗೂ ಬಂತು. ಪಕ್ಕದ ಮನೆಯ ಅಕ್ಕ ನೆನಪಾದಳು…

ಶಂಕರಪುರಂನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಅಕ್ಕ ಸೊಸೆಯಾಗಿ ಬಂದಾಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುವ ನೆಪದಲ್ಲಿ ಇಬ್ಬರೂ ಹರಟುತ್ತಿದ್ದೆವು. ನಗು ಬಂದರೆ ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ಅತ್ತೆಗೆ ಜೋರು ನಗು ಆಗದು. ಅವಳಿಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು.

ಗಂಡು ಮಗು. ನಾಮಕರಣದವರೆಗೆ ಹೊಸ ಬಟ್ಟೆ ಸೋಕಿಸಬಾರದು, ಹಳೆಯದರಲ್ಲೇ ಸುತ್ತಬೇಕು ಎನ್ನುವುದು ಆ ಮನೆಯ ಪದ್ಧತಿ. ಅತ್ತೆ ತಮ್ಮ ಅತ್ತೆಯ ಕಾಲದ ಸೀರೆಯೊಂದನ್ನು ಟ್ರಂಕಿನಿಂದ ತೆಗೆದು, ಮಡಿಕೆಯಲ್ಲಿದ್ದ ಅರ್ಧ ಸವೆದ ಗುಳಿಗೆಗಳನ್ನು ಕೊಡವಿ, ಹಾಗೇ ಮಗುವಿಗೆ ಸುತ್ತಿದರು. ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆಯ ಕಿಟಕಿ ಬೇರೆ ಮುಚ್ಚಿತ್ತು.

ಮೂರ್ನಾಲ್ಕು ದಿನದಲ್ಲಿ ಮಗು ಹಳದಿಯಾಯಿತು. ಎಲ್ಲ ಮಕ್ಕಳಿಗೂ ಆಗುವುದೇ, ಎಳೆಬಿಸಿಲು ತೋರಿಸಿದರೆ ಇಳಿಯುತ್ತದೆ ಎಂದರು. ಇಳಿಯಲಿಲ್ಲ. ಅದು ಹಾಲು ಕುಡಿಯುವುದನ್ನು ಬಿಟ್ಟಾಗ, ಅಕ್ಕ ಕದ್ದು ಮೊಸರು ತಿಂದು ಪಥ್ಯ ಕೆಡಿಸಿದಳು ಎಂಬ ಮಾತು ಶುರುವಾಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಮಗು ಉಳಿಯಲಿಲ್ಲ.

ಫ್ಲಾಸ್ಕಿನಲ್ಲಿ ಬಿಸಿನೀರು ಕೊಡಲು ಆಸ್ಪತ್ರೆಗೆ ಹೋಗಿದ್ದ ನಾನು, ಮಗುವಿಗೆ ಸುತ್ತಿದ್ದ ಸೀರೆಯನ್ನು ಮೂಸಿ ನೋಡಿ ಡಾಕ್ಟರು ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಕೇಳಿದೆ. ಆ ಬಿಳಿ ಗುಳಿಗೆ ಕರಗದೆ ನೇರವಾಗಿ ಆವಿಯಾಗಿ ಬಟ್ಟೆಯಲ್ಲಿ ಕೂರುತ್ತದೆ, ಉಸಿರಿನಿಂದ, ಚರ್ಮದಿಂದ ಮಗುವಿನೊಳಗೆ ಹೋಗುತ್ತದೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರ ರಕ್ತದಲ್ಲಿ ಅದನ್ನು ತಾಳಿಕೊಳ್ಳುವ ಒಂದು ಕಿಣ್ವ ಕಡಿಮೆಯಿರುತ್ತದೆ. ಅಂಥವರ ರಕ್ತಕಣಗಳು ಒಡೆದು ಕಾಮಾಲೆ ಮಿದುಳಿಗೇರುತ್ತದೆ. ಆ ಕೊರತೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ಅದರ ಸುಳಿವೂ ಇರುವುದಿಲ್ಲ, ಅವರ ತಪ್ಪೇನೂ ಇಲ್ಲ. ಸೀರೆಯನ್ನು ಒಗೆದು ಬಿಸಿಲಿಗೆ ಹಾಕಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ ಎಂದರು.

ಘನವಸ್ತು ದ್ರವವಾಗದೆ ಅನಿಲವಾಗುವುದಕ್ಕೆ ಉದಾಹರಣೆ ಕೊಡಿ ಎಂದರೆ ನಾವೆಲ್ಲ ಕಣ್ಣು ಮುಚ್ಚಿಕೊಂಡು ನುಸಿಗುಳಿಗೆ ಎಂದು ಬರೆದು ಮಾರ್ಕ್ಸ್ ತೆಗೆದವರು. ಆ ಅನಿಲ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಆದರೂ ಅವತ್ತು ನನಗೊಂದು ಪೆದ್ದು ಸಮಾಧಾನವಾಯಿತು. ಕಾರಣ ಗೊತ್ತಾಯಿತಲ್ಲ, ಇನ್ನು ಅಕ್ಕನನ್ನು ಯಾರೂ ಏನೂ ಅನ್ನುವಂತಿಲ್ಲ ಅಂದುಕೊಂಡೆ.

ಮನೆಗೆ ಬಂದ ಮೇಲೆ ಅತ್ತೆಮನೆಯವರು ಡಾಕ್ಟರ ಮಾತಿನಲ್ಲಿ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡರು. ಸೀರೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವಳ ರಕ್ತವೇ ಸರಿಯಿಲ್ಲವಂತೆ, ಡಾಕ್ಟರೇ ಹೇಳಿದರು ಎಂದು ಅತ್ತೆ ಬೀದಿಯೆಲ್ಲ ಸಾರಿಕೊಂಡು ಬಂದರು. ಮೊಸರಿನ ಮಾತನ್ನಾದರೆ ಅಕ್ಕ ಅಲ್ಲಗಳೆಯಬಹುದಿತ್ತು. ಇದಕ್ಕೆ ಲ್ಯಾಬಿನ ರಿಪೋರ್ಟೇ ಇತ್ತು. ವರ್ಷ ತುಂಬುವ ಮೊದಲೇ ಅವಳನ್ನು ತ್ಯಾಗರಾಜನಗರದ ಅಣ್ಣನ ಮನೆಗೆ ಸಾಗಹಾಕಿದರು.

ಹೊರಡುವ ದಿನ ಅಕ್ಕ ಆಟೋದೊಳಗೆ ಬ್ಯಾಗಿಟ್ಟು, ಬಂದು ನನ್ನ ಕೈ ಹಿಡಿದುಕೊಂಡಳು.

“ವಾಸನೆ ಜಾಸ್ತಿ ಇದೆ, ಬಿಸಿಲಿಗೆ ಹಾಕ್ಲಾ ಅಂತ ಕೇಳಿದ್ದೆ ಕಣೇ. ಬಾಣಂತಿ ಮೂಗು ಹಂಗೇ, ಸುಮ್ನೆ ಮಲ್ಕೋ ಅಂದ್ರು. ಮಲ್ಕೊಂಡ್ಬಿಟ್ಟೆ.”

ಮುಂದೆ ಆ ಮನೆಯಲ್ಲಿ ಅಕ್ಕನ ಗಂಡನಿಗೆ ಇನ್ನೊಂದು ಮದುವೆಯಾಯಿತು. ನಮ್ಮವರೂ ಹೋಗಿ ಉಂಡು ಬಂದರು. ಅಕ್ಕನ ಅಣ್ಣ ಮನೆ ಖಾಲಿ ಮಾಡಿ ಎಲ್ಲಿಗೋ ಹೋದರಂತೆ. ನಾನು ಅವಳನ್ನು ಮತ್ತೆ ನೋಡಲಿಲ್ಲ… ಆ ಅತ್ತೆಯ ಮೇಲಿನ ನನ್ನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಹೋದ ವಾರ ಅಮ್ಮ ಟ್ರಂಕು ತೆಗೆದ ದಿನವೇ ಗುಳಿಗೆಗಳನ್ನೆಲ್ಲ ಕಟ್ಟಿ ಆಚೆ ಹಾಕಿದೆ. ಸೀರೆಗಳನ್ನು ಎರಡೆರಡು ಸಲ ಒಗೆದು ಮಹಡಿಯ ಮೇಲೆ ಹರವಿದೆ. ಇಷ್ಟೊಂದು ರಂಪ ಯಾಕೆ ಎಂದು ಅಮ್ಮ ಕೇಳಿದಳು. ಅಕ್ಕನ ಮಗುವನ್ನು ನೆನಪಿಸಿದೆ. ಆಸ್ಪತ್ರೆಯಿಂದ ಬಂದ ದಿನವೇ ಡಾಕ್ಟರ ಮಾತನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದ್ದೆ.

ಅಮ್ಮ ಸೀರೆಗೆ ಕ್ಲಿಪ್ಪು ಸಿಕ್ಕಿಸುತ್ತಾ ಅಂದಳು, “ಪಾಪ, ಒಳ್ಳೇ ಹುಡ್ಗಿ. ಏನ್ ಮಾಡೋದು, ಅವಳ ರಕ್ತದಲ್ಲೇ ದೋಷ ಇತ್ತಲ್ಲ.”