ಕಿರಂಗೂರಿನ ಅರಿಶಿನದ ಕಲ್ಲು

ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳಕ್ಕೇ ಹೋಗಿ ನಿಂತ ನಮಗೆ ಪಾಂಡವಪುರದ ಮೇಲೆ ಹೋಗುವ ಬಸ್ಸು ಸಿಕ್ಕಿದ್ದು ಎಂಟಕ್ಕೆ. ಒಂದೇ ಕೆಲಸಕ್ಕೆ ಇದು ನಾಲ್ಕನೆಯ ಓಡಾಟ. ಹೆಂಡತಿ ಸರೋಜಳ ತವರು ಕಿರಂಗೂರು. ಅವಳ ಅಣ್ಣ ಪುಟ್ಟಸ್ವಾಮಿಯವರು ಹೊಲದಲ್ಲಿ ತಂಗಿಯ ಪಾಲೆಂದು ಒಂದು ಸೈಟು ಬಿಟ್ಟುಕೊಟ್ಟಿದ್ದರು. ಮನೆ ಕಟ್ಟಲು ಪರವಾನಗಿ ಕೇಳಿದರೆ, ಅಲ್ಲೇ ಹೊಸ ರಿಂಗ್ ರಸ್ತೆ ಹಾಯುತ್ತದೆ, ಮೊದಲು ಅಳತೆಯಾಗಲಿ ಎಂದು ಕಚೇರಿಯವರು ಮೂರು ಸಲ ವಾಪಸು ಕಳಿಸಿದ್ದರು. ಅಂದು ಹನ್ನೊಂದಕ್ಕೆ ಸರ್ವೆಯವರು ಬರುವುದಿತ್ತು. ಮದುವೆಯಾದಾಗಿನಿಂದ ಏಳು ಬಾಡಿಗೆ ಮನೆ ಬದಲಿಸಿದ್ದೇವೆ. ಇದೂ ತಪ್ಪಿದರೆ ಈ ಜನ್ಮಕ್ಕೆ ಸ್ವಂತ ಮನೆ ಅನ್ನುವುದು ಇಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆ; ಸರೋಜಳಿಗೆ ಚಾರ್ಜೂ ಇಲ್ಲ, ಸೀಟೂ ಸಿಕ್ಕಿತು. ಪೂರ್ತಿ ಚಾರ್ಜು ಕೊಟ್ಟ ನಾನು ಚಿನಕುರಳಿಯವರೆಗೆ ಒಂಟಿಕಾಲಲ್ಲಿ ನಿಂತಿದ್ದೆ.

ಅಲ್ಲಿಂದಾಚೆಗೆ ದಾರಿಯುದ್ದಕ್ಕೂ ಲೇಔಟುಗಳ ಬೋರ್ಡು. ಮೈಸೂರಿಗೆ ಇಪ್ಪತ್ತೇ ನಿಮಿಷವಂತೆ; ನಮ್ಮ ಬಸ್ಸಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಕಬ್ಬು ಕಡಿದ ಗದ್ದೆಗಳಲ್ಲಿ ಬಣ್ಣ ಬಳಿದ ಕಲ್ಲುಗಳು, ದೊಡ್ಡದೊಂದು ಕಮಾನು, ಒಳಗಿನ ನಲವತ್ತಡಿ ರಸ್ತೆಯ ಮೇಲೆ ಮೇಕೆಗಳು. ಮನೆ ಮಾತ್ರ ಒಂದೂ ಕಾಣಲಿಲ್ಲ. ಪಾಂಡವಪುರದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಇಡ್ಲಿ ಬಿಸಿಯಾಗಿತ್ತು, ಚಟ್ನಿ ಹುಳಿ ಬಂದಿತ್ತು. ಸರೋಜ ಅರ್ಧಕ್ಕೇ ಕೈ ತೊಳೆದಳು.

ಕಿರಂಗೂರು ವೃತ್ತದಲ್ಲಿ ಇಳಿದು ರಣಬಿಸಿಲಿನಲ್ಲಿ ಎರಡು ಕಿಲೋಮೀಟರ್ ನಡೆದೆವು. ಪುಟ್ಟಸ್ವಾಮಿಯವರು ಆತುರಗಾರರು, ಪರವಾನಗಿಗೆ ಮುಂಚೆಯೇ ಪಾಯದ ಗುಂಡಿ ತೋಡಿಸಿಟ್ಟಿದ್ದರು. ಸರ್ವೆಯವರು ನಕ್ಷೆ ಬಿಚ್ಚಿ, ಹೋದ ವರ್ಷ ತಾವು ನೆಟ್ಟ ರಸ್ತೆಯಂಚಿನ ಕಲ್ಲೆಲ್ಲಿ ಎಂದು ಹುಡುಕಿದರು. ಸೈಟಿನ ಈಶಾನ್ಯ ಮೂಲೆಯ ಕಲ್ಲಿನ ಮುಂದೆ ಕುಳಿತು ಉಗುರಿನಿಂದ ಅರಿಶಿನ ಕೆರೆದರು. ಒಳಗೆ ಸರ್ವೆ ಗುರುತಿನ ಕೆಂಪು ಬಣ್ಣದ ಗೆರೆ ಕಂಡಿತು.

ಗುದ್ದಲಿ ಪೂಜೆಯ ದಿನ ಒಳ್ಳೆಯ ಕಲ್ಲು ಸಿಗದೆ, ಸೈಟಿನ ನಡುವೆ ನೆಟ್ಟಿದ್ದ ಆ ಕಲ್ಲನ್ನು ಪುಟ್ಟಸ್ವಾಮಿಯವರು ಕಿತ್ತಿದ್ದರು. ನಾನೂ ಕೈ ಹಾಕಿದ್ದೆ. ಈಶಾನ್ಯದಲ್ಲಿ ನೆಟ್ಟು ತೊಳೆದು, ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದೆವು. ಕಲ್ಲು ಲಕ್ಷಣವಾಗಿದೆ ಎಂದು ಹಿಗ್ಗಿದೆವೇ ಹೊರತು ಅಲ್ಲಿ ಯಾರು ನೆಟ್ಟರು, ಯಾಕೆ ನೆಟ್ಟರು ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಸರ್ವೆಯವರು ಕಲ್ಲಿನಿಂದ ಪೂರ್ವಕ್ಕೆ, ರಸ್ತೆಯ ಅಗಲವೆಂದು ಎಂಬತ್ತು ಅಡಿ ಟೇಪು ಎಳೆದರು. ನಮ್ಮ ಸೈಟು ಪೂರ್ತಿ ಉಳಿಯಿತು. ಟೇಪು ಮಾತ್ರ ಖಾಲಿ ಹೊಲ ದಾಟಿ, ಗಾರೆ ಕೆಲಸದ ಚಿಕ್ಕತಾಯಮ್ಮನ ಶೀಟಿನ ಮನೆಯ ಹೊಸ್ತಿಲು ದಾಟಿ, ಒಲೆಯ ಹತ್ತಿರ ಹೋಗಿ ನಿಂತಿತು. ಆಯಮ್ಮ ಒಲೆ ಮೇಲಿನ ಸಾರನ್ನು ಕೆಳಗಿಳಿಸಿದಳು.

ನಕ್ಷೆಯಲ್ಲಿ ಈ ಮನೆ ರಸ್ತೆಗೆ ಸಿಗುವುದಿಲ್ಲವಲ್ಲ, ಕಲ್ಲು ಕದಲಿಸಿದ್ದೀರಾ ಎಂದು ಸರ್ವೆಯವರು ಕೇಳಿದರು. ಇಲ್ಲವೆಂದರೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಹೋಗುತ್ತೇನೆ ಎಂದರು.

"ಮೊದ್ಲಿಂದ್ಲೂ ಅಲ್ಲೇ ಐತೆ ಸಾ," ಎಂದರು ಪುಟ್ಟಸ್ವಾಮಿ.

ನಾನು ನೆಲ ನೋಡಿದೆ. ಏಳು ಬಾಡಿಗೆ ಮನೆಗಳೂ ಕಣ್ಣ ಮುಂದೆ ಬಂದವು. ಬರೆದುಕೊಂಡು ಹೋಗಲಿ ಎಂದೇ ಮನಸ್ಸು ಬಯಸಿತು, ಸುಳ್ಳೇಕೆ ಹೇಳಲಿ?

"ಇಲ್ಲ ಸಾ," ಎಂದಳು ಸರೋಜ. "ಆ ಗುಂಡಿ ತಾವಿತ್ತು. ನಾವೇ ಕಿತ್ತು ಇಲ್ಲಿ ನೆಟ್ವಿ. ಅರ್ಸ್ನ ಬಳ್ದೋಳು ನಾನೇ."

ಕಲ್ಲು ಮತ್ತೆ ಗುಂಡಿಯ ಪಕ್ಕಕ್ಕೆ ಹೋಯಿತು. ಈ ಸಲ ಟೇಪು ಚಿಕ್ಕತಾಯಮ್ಮನ ಹೊಸ್ತಿಲಿನಿಂದ ಎಷ್ಟೋ ಅಡಿ ಈಚೆಗೇ ಮುಗಿಯಿತು. ನಮ್ಮ ಅರ್ಧ ಸೈಟು ರಸ್ತೆಗೆ ಹೋಯಿತು. ಉಳಿದರ್ಧದಲ್ಲೂ ರಸ್ತೆಯಂಚಿಗೆ ಜಾಗ ಬಿಡಬೇಕಂತೆ. ಬಿಟ್ಟರೆ ಒಂದು ಕೊಟ್ಟಿಗೆಯೂ ಆಗದು. ಪುಟ್ಟಸ್ವಾಮಿಯವರು ತಂಗಿಯನ್ನು ಊಟಕ್ಕೂ ಕರೆಯದೆ ಹೊರಟುಹೋದರು. ಚಿಕ್ಕತಾಯಮ್ಮ ಕೊಟ್ಟ ಮಜ್ಜಿಗೆ ಕುಡಿದು ವೃತ್ತದವರೆಗೆ ವಾಪಸು ನಡೆದೆವು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು, ಇಬ್ಬರಿಗೂ ಸೀಟು ಸಿಕ್ಕಿತು. ಪಾಂಡವಪುರ ದಾಟಿದ ಮೇಲೆ ನಾನೇ, ಅದನ್ನು ನಾನು ಹೇಳಬೇಕಿತ್ತು ಎಂದೆ.

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ನೀವು ಯೋಳ್ತೀರಾ ಅಂತ ವಸಿ ವೊತ್ತು ಕಾದೆ ಕಣ್ರೀ," ಎಂದಳು.