ಗುಟ್ಟನ್ನು ಕೂಗಿ ಹೇಳುವವನು

ಮನುಷ್ಯನ ಸ್ವಭಾವ ಹುಟ್ಟುವಾಗಲೇ ಗಟ್ಟಿಯಾಗಿ ಬಂದಿರುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಮಿಸುಕುವುದಿಲ್ಲ ಎಂದು ವಾದ ಹೂಡುವವರ ಬಾಯಿಗೆ ಬಟ್ಟೆ ತುರುಕಬೇಕು. ಅದೂ ರೇಡಿಯೋ ನೇಯ್ದ ಬಟ್ಟೆಯನ್ನೇ ತುರುಕಬೇಕು.

ರೇಡಿಯೋ ಎಂದರೆ ಮನುಷ್ಯನೇ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೆ. ಐದು ಜನ ಅಣ್ಣಂದಿರ ಕೆಳಗೆ ಹುಟ್ಟಿ, ಊಟಕ್ಕೆ ಕೂತಾಗ ಉಪ್ಪು ಬೇಕು ಎನ್ನುವುದಕ್ಕೂ ಸರದಿ ಸಿಗದೆ ಬೆಳೆದವನು. ಮಗ್ಗದ ಕಾರ್ಖಾನೆಗೆ ಸೇರಿದಾಗ ಹೆಸರು ಕೇಳಿದರೆ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ.

ಅರವತ್ತು ಮಗ್ಗಗಳು ಒಟ್ಟಿಗೆ ಧಡಧಡ ಹೊಡೆದುಕೊಳ್ಳುವ ಆ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸದು. ಹಾಗಾಗಿ ಅಲ್ಲಿನವರು ದನಿಯ ಗೊಡವೆಯನ್ನೇ ಬಿಟ್ಟು ತುಟಿ ಆಡಿಸಿ ಮಾತಾಡುತ್ತಿದ್ದರು. ನಾಲ್ಕು ಸಾಲು ಆಚೆ ನಿಂತವನೂ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಹಿರಿಯ ನೇಕಾರರು ಈ ಹುಡುಗನನ್ನು ಬಿಡಲಿಲ್ಲ. ಕೆಣಕಿದರು, ಛೇಡಿಸಿದರು, ತಾವೇ ಜೋಕು ಹೇಳಿ ಇವನ ಸರದಿಗೆ ಕಾದು ನಿಂತರು. ಆರು ತಿಂಗಳಲ್ಲಿ ಹುಡುಗ ಹೂಂ ಅಂದ. ವರ್ಷದಲ್ಲಿ ನಿಲ್ಲಿಸಲಾಗದ ಹಾಗೆ ಶುರುವಾದ. ರೇಡಿಯೋ ಎಂಬ ಹೆಸರು ಬಿತ್ತು.

ತುಟಿ ಮುಚ್ಚಿ ತೆರೆಯುವ ಅಕ್ಷರಗಳೆಲ್ಲ ನೋಡುವುದಕ್ಕೆ ಒಂದೇ ಥರ. ಒಮ್ಮೆ ಬಾಗಿಲ ಬಳಿಯವನು 'ಭಾವ ಬಂದಿದಾರೆ' ಎಂದದ್ದನ್ನು ಇವನು 'ಮಾವ' ಎಂದು ಓದಿಕೊಂಡು, ತಲೆ ಬಾಚಿ, ಗುಂಡಿ ಹಾಕಿಕೊಂಡು ಓಡಿದ. ಹೊರಗೆ ಸಿಗರೇಟು ಸೇದುತ್ತ ನಿಂತಿದ್ದ ಹೆಂಡತಿಯ ಅಣ್ಣ, "ಏನಪ್ಪಾ, ಇನ್ನೊಂದು ಹೆಣ್ಣು ನೋಡೋಕೆ ಹೊರಟೆಯಾ?" ಎಂದ. ಅಂದಿನಿಂದ ಮಾವ ಎನ್ನುವಾಗ ಮೀಸೆ ತಿರುವುವುದು ಶೆಡ್ಡಿನ ಕಾನೂನಾಯಿತು.

ಇನ್ನು ಗುಟ್ಟು. ತುಟಿಯ ಮಾತನ್ನು ಎಲ್ಲರೂ ಓದುವುದರಿಂದ ಗುಟ್ಟು ಹೇಳಬೇಕಾದರೆ ಒಂದೇ ದಾರಿ: ಕಿವಿಗೆ ಅಂಗೈ ಅಡ್ಡ ಹಿಡಿದು, ಎದೆಯ ಉಸಿರೆಲ್ಲ ಸೇರಿಸಿ ಕೂಗುವುದು. ಆ ಸದ್ದಿನಲ್ಲಿ ಕೂಗು ಆ ಒಂದು ಕಿವಿ ದಾಟುತ್ತಿರಲಿಲ್ಲ. ಊರಿಗೆಲ್ಲ ಹೇಳುವ ಮಾತಿಗೆ ದನಿಯಿಲ್ಲ, ಗುಟ್ಟಿಗೆ ಮಾತ್ರ ದನಿ. ಹೀಗೆ ಇಪ್ಪತ್ತೊಂಬತ್ತು ವರ್ಷ.

ಆಮೇಲೆ ಕಾರ್ಖಾನೆ ಮುಚ್ಚಿತು. ಐವತ್ತರ ಅಂಚಿನಲ್ಲಿದ್ದ ರೇಡಿಯೋ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕೇಳಿದ. ಮಾಲೀಕ ಮೇಲಿಂದ ಕೆಳಗೆ ನೋಡಿ, "ಬಟ್ಟೆ ಗೊತ್ತು, ಸರಿ. ಆದ್ರೆ ನನಗೆ ಬೇಕಾಗಿರೋದು ಬಾಯಿ. ಒಂದು ತಿಂಗಳು ನೋಡ್ತೀನಿ. ಗಿರಾಕಿ ಹತ್ರ ಮಾತಾಡ್ದೆ ನಿಂತ್ರೆ ಹೋಗ್ತಾ ಇರಿ," ಎಂದ.

ಬಾಯಿ! ತನ್ನನ್ನು ಕೇಳುತ್ತಿದ್ದಾನಲ್ಲ ಎಂದು ರೇಡಿಯೋಗೆ ಒಳಗೊಳಗೇ ನಗು.

ಮೊದಲ ದಿನ ಒಬ್ಬ ಹೆಂಗಸು ಬಂದಳು. ರೇಡಿಯೋ ಮುಖ ಅರಳಿಸಿ, 'ಬನ್ನಿ ಅಮ್ಮಾ, ಕೂತ್ಕೊಳ್ಳಿ, ಪರದೆ ಬಟ್ಟೆ ತೋರಿಸ್ಲಾ, ಅಂಗಿ ಬಟ್ಟೆ ತೋರಿಸ್ಲಾ?' ಎಂದು ಸೊಗಸಾಗಿ ಕೇಳಿದ. ಆ ಹೆಂಗಸು ಗಾಬರಿಯಿಂದ, "ಯಾಕೆ ಅಣ್ಣಾ, ಹಲ್ಲು ನೋವಾ?" ಎಂದಳು. ಇಷ್ಟು ಮಾತಿನಲ್ಲಿ ಒಂದು ತೊಟ್ಟು ದನಿಯೂ ಹೊರಬಿದ್ದಿರಲಿಲ್ಲ. ತಾನು ಮಾತಾಡಿದ್ದೇನೆಂದೇ ಅವನು ನಂಬಿದ್ದ.

ದನಿ ಬೇಕು ಎಂದು ನೆನಪಿಸಿಕೊಂಡರೆ ಮಾತು ಮರೆಯುತ್ತಿತ್ತು. ಮಾತು ನೆನಪಾದರೆ ದನಿ ಕೈಕೊಡುತ್ತಿತ್ತು. ವಾರದೊಳಗೆ ಅಂಗಡಿಯವರು ಮೌನಿ ಎಂದು ಕರೆಯತೊಡಗಿದರು. ಕೆಟ್ಟದ್ದೆಂದರೆ, ಕರೆದ ಹಾಗೇ ಅವನು ಆಗತೊಡಗಿದ. ಗಿರಾಕಿಗಳ ಮುಂದೆ ತುಟಿ ಆಡಿಸುವುದನ್ನೂ ಬಿಟ್ಟು ಮತ್ತೆ ಕಾಲ್ಬೆರಳು ನೋಡತೊಡಗಿದ.

ಮನೆಯಲ್ಲೂ ಅದೇ. ಅವನ ಹೆಂಡತಿ ಅದೇ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಿದ್ದವಳು. ಇಬ್ಬರೂ ಇಷ್ಟು ವರ್ಷ ತುಟಿಯಲ್ಲೇ ಜಗಳವಾಡಿದ್ದರಿಂದ, ಅಂಥ ಅನ್ಯೋನ್ಯ ದಂಪತಿ ಬೀದಿಯಲ್ಲೇ ಇಲ್ಲ ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ಈಗ ಗಂಡ ತಟ್ಟೆಯಿಂದ ಮುಖವನ್ನೇ ಎತ್ತುತ್ತಿರಲಿಲ್ಲ.

"ಮುಖ ಎತ್ರೀ," ಎಂದು ಅವಳು ಕೊನೆಗೆ ದನಿ ತೆಗೆದೇ ಗದರಿದಳು. "ನಾನು ಆಗಲಿಂದ ಬೈತಾ ಇದೀನಿ, ನೀವು ನೋಡ್ತಾನೇ ಇಲ್ಲ. ಬೈದಿದ್ದೆಲ್ಲ ದಂಡ ಆಯ್ತು."

"ನಾನು ಮೊದಲಿಂದ್ಲೂ ಮೂಗನೇ ಇರಬೇಕು ಕಣೇ," ಎಂದ ಅವನು. "ಅಲ್ಲಿ ಆಡಿದ್ದು ನಾನಲ್ಲ, ಅವರೆಲ್ಲ ಸೇರಿ ಆಡಿಸಿದ್ದು."

"ಇಲ್ಲೂ ಆಡಿಸೋರು ಇರ್ತಾರೆ, ಹುಡುಕಿ. ಹಳೇ ಪುರಾಣ ಬೇಡ."

ಹುಡುಕುವ ಮೊದಲೇ ಗುಂಗುರು ಸಿಕ್ಕಿದಳು. ಅಂಗಿ ವಿಭಾಗದ ಹುಡುಗಿ, ಗುಂಗುರು ಕೂದಲಿನಿಂದ ಆ ಹೆಸರು. ಒಂದು ಮಧ್ಯಾಹ್ನ, "ಅಂಕಲ್, ಒಬ್ಬರೇ ಏನು ಅಗೀತಾ ಇರ್ತೀರಾ?" ಎಂದು ಕೇಳಿಯೇಬಿಟ್ಟಳು. ಅವನು ಅರೆಬರೆ ದನಿಯಲ್ಲಿ ತನ್ನ ಕತೆ ಹೇಳಿದ. ಅವಳು ಬಿದ್ದು ಬಿದ್ದು ನಕ್ಕು, ನನಗೂ ಕಲಿಸಿ ಎಂದಳು. ಹತ್ತು ದಿನದಲ್ಲಿ ಇಬ್ಬರೂ ಅಂಗಡಿಯ ಎರಡು ತುದಿಯಿಂದ ಹರಟತೊಡಗಿದರು. ಗಿರಾಕಿಯೊಬ್ಬ ಒಂಬತ್ತನೇ ಅಂಗಿ ತೊಟ್ಟು ಕನ್ನಡಿ ಮುಂದೆ ತಿರುಗಿದಾಗ, 'ಅಂಗೀದೇನೂ ತಪ್ಪಿಲ್ಲ, ಹೊಟ್ಟೆ ಬದಲಾಯಿಸಬೇಕು' ಎಂದು ರೇಡಿಯೋ ಆಚೆಯಿಂದ ಹೇಳಿದ. ಗುಂಗುರು ಅಂಗಿಯ ರಾಶಿಯಲ್ಲಿ ಮುಖ ಹುದುಗಿಸಿದಳು. ಆದರೆ ಗಿರಾಕಿಗಳ ಮುಂದೆ ಮಾತ್ರ ಅವನಿಗೆ ಇನ್ನೂ ದನಿ ಹೊರಡುತ್ತಿರಲಿಲ್ಲ. ತಿಂಗಳು ಮುಗಿಯುತ್ತ ಬಂತು.

ಕೊನೆಯ ದಿನ ಬೆಳಿಗ್ಗೆ ಮಾಲೀಕ, "ಸಂಜೆ ಬಂದು ಕಾಣಿ," ಎಂದ. ಅದರರ್ಥ ಅಂಗಡಿಗೆಲ್ಲ ಗೊತ್ತಿತ್ತು.

ಹನ್ನೊಂದರ ಹೊತ್ತಿಗೆ ಹಾಸ್ಟೆಲೊಂದರ ವಾರ್ಡನ್ ಮೇಡಂ ಬಂದರು. ನಲವತ್ತು ಕೋಣೆಗೆ ಪರದೆ ಬಟ್ಟೆ ಬೇಕು. ಮಾಲೀಕನೇ ಎದ್ದು ಬಂದು, ಹೊಸದಾಗಿ ತರಿಸಿದ್ದ ನೀಲಿ ಬಟ್ಟೆಯ ಥಾನಿನ ಸುರುಳಿ ಬಿಚ್ಚಿ ಹಾಸಿದ. ಎಂಥ ದಪ್ಪ, ಎಂಥ ಹೊಳಪು! ರೇಡಿಯೋ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿದ. ಪುಡಿ ಉದುರಿತು. ಅಡ್ಡ ಎಳೆ ವಿರಳ, ಬರೀ ಗಂಜಿಯ ದಪ್ಪ. ಹೇಳದಿದ್ದರೆ ನಲವತ್ತು ಕೋಣೆಯ ಪರದೆ ಹಾಳು. ಎಲ್ಲರೆದುರು ಹೇಳಿದರೆ ಅನ್ನ ಕೊಡುವವನ ಮರ್ಯಾದೆ ಹಾಳು. ಮಾಲೀಕನಿಗೆ ಮಾತ್ರ ತಿಳಿಯುವ ಹಾಗೆ ಹೇಳಿಬಿಡೋಣ ಎಂದು ಹತ್ತಿರ ಸರಿದ. ಮಾಲೀಕನ ಕಿವಿಗೆ ಅಂಗೈ ಅಡ್ಡ ಹಿಡಿದ. ಉಸಿರು ತುಂಬಿಕೊಂಡ.

"ಈ ಬಟ್ಟೆ ಕೊಡಬೇಡಿ ಸಾರ್! ಗಂಜಿ ಬಳಿದು ದಪ್ಪ ಮಾಡಿದಾರೆ! ನಿಮಗೂ ಮೋಸ ಮಾಡಿದಾರೆ! ಒಂದ್ಸಲ ಒಗೆದ್ರೆ ಸೊಳ್ಳೆ ಪರದೆ ಆಗತ್ತೆ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮಾಲೀಕ ಕಿವಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದ.

"ಏನ್ರೀ ಇದು!"

"ಗುಟ್ಟು ಸಾರ್."

"ಗುಟ್ಟು ಹೀಗೆ ಹೇಳ್ತಾರೇನ್ರೀ?"

"ಮತ್ತೆ ಗುಟ್ಟನ್ನ ಹೇಗೆ ಹೇಳೋದು ಸಾರ್?"

ಅವನು ನಿಜವಾಗಿಯೂ ಕೇಳಿದ್ದ. ವಾರ್ಡನ್ನರ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಇವರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಯಾವುದು ಒಳ್ಳೇದು ಅಂತ ನನಗೂ ಒಂದು ಗುಟ್ಟು ಹೇಳಪ್ಪಾ. ಸ್ವಲ್ಪ ದೂರ ನಿಂತು ಹೇಳು," ಎಂದರು.

ರೇಡಿಯೋ ಹೇಳಿದ. ಎಳೆ ಎಣಿಸುವುದು ಹೇಗೆ, ಬಣ್ಣ ನಿಲ್ಲುವುದು ಯಾವುದರಲ್ಲಿ, ಬೆಳಕಿಗೆ ಹಿಡಿದರೆ ಏನು ಕಾಣುತ್ತದೆ. ಆಕೆ ಎದುರಿಗೆ ಕೂತು ಕೇಳುತ್ತ ಹೋದದ್ದಕ್ಕೆ ದನಿ ತಾನಾಗಿ ಹದಕ್ಕೆ ಇಳಿಯಿತು. ಕೊನೆಗೆ ಆಕೆ ಕಂದು ಬಣ್ಣದ ಬಟ್ಟೆ ಒಪ್ಪಿಕೊಂಡು ಹೋದರು.

ಮಾಲೀಕ ಸಂಜೆವರೆಗೂ ಮುಖ ಊದಿಸಿಕೊಂಡಿದ್ದ. ಗೋದಾಮಿನಲ್ಲಿ ನೀಲಿ ಥಾನು ಹನ್ನೊಂದು ಬಿದ್ದಿದ್ದವು. ಕಳಿಸಿದವನಿಗೆ ಫೋನಿನಲ್ಲಿ ಬೈದೂ ಬೈದೂ ಸಾಕಾಗಿತ್ತು.

"ನಾಳೆಯಿಂದ ಉಲ್ಟಾ," ಎಂದ, ರೇಡಿಯೋನನ್ನು ಕರೆಸಿ. "ಗಿರಾಕಿಗೆ ದನಿ. ನನಗೆ ಹೇಳೋ ಗುಟ್ಟಿದ್ರೆ ಬರೀ ತುಟಿ. ಓದೋದನ್ನ ಆ ಹುಡುಗಿ ಹತ್ರ ಕಲಿತೀನಿ. ಈ ಕಿವಿ ಇನ್ನೊಂದ್ಸಲ ತಡೆಯಲ್ಲ."

"ಅಂದ್ರೆ ನಾಳೆ ಬರ್ಲಾ ಸಾರ್?"

"ಬರದೇ ಇದ್ರೆ ಆ ವಾರ್ಡನ್ ನನ್ನ ಬಿಡ್ತಾರಾ?"

ಮರುದಿನ ಬಾಗಿಲು ತೆರೆದದ್ದೇ ಕೊಡೆ ಹಿಡಿದ ವಯಸ್ಸಾದ ಹೆಂಗಸೊಬ್ಬಳು ಒಳಗೆ ಕಾಲಿಟ್ಟಳು. ರೇಡಿಯೋ ನೆಟ್ಟಗೆ ನಿಂತು, ಮುಖ ಅರಳಿಸಿ, "ಬನ್ನಿ ಅಮ್ಮಾ!" ಎಂದ. ಕೊಡೆ ನೆಲಕ್ಕೆ ಬಿತ್ತು. ಅಜ್ಜಿ ಎದೆ ಹಿಡಿದುಕೊಂಡಳು. ರೇಡಿಯೋ ಕೈಮುಗಿದು, ಗಾಬರಿಯಲ್ಲಿ ತುಟಿಯನ್ನಷ್ಟೇ ಬಡಬಡ ಆಡಿಸಿದ.

ಗುಂಗುರು ಓಡಿ ಬಂದು ಕೊಡೆ ಎತ್ತಿಕೊಟ್ಟಳು. "ತಪ್ಪಾಯ್ತು ಅಂತಿದಾರೆ ಅಜ್ಜೀ. ನಿನ್ನೆಯಷ್ಟೇ ಮಾತು ಶುರು ಮಾಡಿದಾರೆ. ಕೂತ್ಕೊಳ್ಳಿ, ಇನ್ನೊಂದ್ಸಲ ಕರೀತಾರೆ."