ಬಿಗಿತ ಬಿಟ್ಟ ಮೇಲೆ

ಮಾರುಕಟ್ಟೆಯಲ್ಲಿ ಎಲ್ಲರೂ ಅವಳನ್ನು ಕಹಳೆಯಕ್ಕ ಎಂದೇ ಕರೆಯುತ್ತಿದ್ದರು. ಈರುಳ್ಳಿ ಹರಾಜು ಕೂಗುವುದು ಅವಳ ಕೆಲಸ. ಮೂಟೆಗಳ ಮೇಲೆ ನಿಂತು ದನಿ ಎತ್ತಿದಳೆಂದರೆ ಗೇಟಿನಾಚೆಯ ಲಾರಿ ಡ್ರೈವರುಗಳ ನಿದ್ದೆಯೂ ಹಾರಿಹೋಗುತ್ತಿತ್ತು. ಅಲ್ಲೇ ತೂಕಕ್ಕೆ ನಿಲ್ಲುವ ಗಂಡ, "ನನ್ನ ಪಾಲಿನ ಮಾತೂ ಇವಳೇ ಆಡಿಬಿಡ್ತಾಳೆ" ಎಂದು ನಗಿಸುತ್ತಿದ್ದ.

ಗೋಣಿಯ ದೂಳಿಗೆ ಅವಳಿಗೆ ದಮ್ಮು ಗಂಟುಬಿದ್ದಿತ್ತು. ಎದೆ ಬಿಗಿದಾಗ ಮೂಟೆಗಳ ಮರೆಗೆ ಹೋಗಿ ಇನ್‌ಹೇಲರ್ ಎಳೆದುಕೊಳ್ಳುವಳು. ಉಸಿರು ಸಲೀಸಾದೊಡನೆ ಏನೂ ಆಗದವಳಂತೆ ಬಂದು ಕೂಗುವಳು. ಹೀಗೇ ವರ್ಷಗಳು ಕಳೆದವು. ಬರುಬರುತ್ತ ದಮ್ಮು ಮಾತ್ರ ಬಂದುಹೋಗುವ ನೆಂಟನಾಗಿ ಉಳಿಯದೆ ಠಿಕಾಣಿಯೇ ಹೂಡಿತು.

ಒಂದು ಬೆಳಿಗ್ಗೆ ಹರಾಜಿನ ನಡುವೆ ದನಿ ಸಿಕ್ಕಿಕೊಂಡಿತು. ಬಾಯಿ ತೆರೆದಿದೆ, ಸದ್ದಿಲ್ಲ. ವ್ಯಾಪಾರಿಗಳು ತಮಾಷೆಯೆಂದು ನಕ್ಕರು. ತುಟಿ ನೀಲಿಗಟ್ಟಿದ್ದನ್ನು ಕಂಡ ಗಂಡ ಓಡಿಬಂದು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಉಸಿರು ಮರಳಿದ್ದೇ ತಡ, "ಸರಿಹೋಯ್ತಲ್ಲ ಡಾಕ್ಟರಮ್ಮ, ನಾಳೆ ಕೆಲ್ಸಕ್ಕೆ ಹೋಗ್ಲಾ?" ಎಂದಳು.

"ಉಸಿರಿನ ನಾಳ ತೆರ್ಕೊಂಡಿದೆ ಅಷ್ಟೆ, ಸರಿಹೋಗಿಲ್ಲ. ದಮ್ಮು ಬಂದಾಗ ಉಸಿರ್ನಾಳದ ಸುತ್ತ ಇರೋ ಸ್ನಾಯು ಬಿಗಿಯುತ್ತೆ. ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಒತ್ತಿ ನಜ್ಜುಗುಜ್ಜಾಗ್ತವೆ. ಎಷ್ಟೋ ಕೋಶಗಳು ಜಾಗ ಸಾಲ್ದೆ ಕಿತ್ತುಬೀಳ್ತವೆ. ಗೋಡೆ ಅಲ್ಲಲ್ಲಿ ಬೋಳಾಗುತ್ತೆ. ಆಮೇಲೆ ದೂಳು ಸಲೀಸಾಗಿ ಒಳಗಿಳಿದು ಊತ, ಕಫ, ಮತ್ತೆ ದಮ್ಮು."

"ಇನ್‌ಹೇಲರ್ ಎಳ್ಕೊಳ್ತಿದ್ನಲ್ಲ?"

"ನೀವು ಎಳ್ಕೊಂಡಿದ್ದು ಬಿಗಿತ ಬಿಡಿಸುತ್ತೆ, ಅಷ್ಟೆ. ಬಿದ್ದಿದ್ದನ್ನ ವಾಪಸ್ ಕೂರಿಸಲ್ಲ. ಗೋಡೆ ಬೆಳೆಯೋಕೆ ನೀವು ಪುರುಸೊತ್ತೇ ಕೊಟ್ಟಿಲ್ಲ. ಊತ ಇಳಿಸೋ ಔಷಧಿಯ ಇನ್‌ಹೇಲರ್ ಬೇರೆ ಕೊಡ್ತೀನಿ, ದಿನಾ ಎಳ್ಕೊಂಡು ಬಾಯಿ ಮುಕ್ಕಳಿಸಿ. ಆ ದೂಳಿಗೆ ಮಾತ್ರ ಹೋಗ್ಬೇಡಿ."

ಅವಳು ಸೆರಗಿನ ಗಂಟಿನಲ್ಲಿದ್ದ ಹಳೆಯ ಇನ್‌ಹೇಲರ್ ತೆಗೆದು ನೋಡಿದಳು. ಮರೆಯಲ್ಲಿ ನಿಂತು ಗೆದ್ದೆನೆಂದುಕೊಂಡ ಒಂದೊಂದು ಸಲವೂ ಎದೆಯೊಳಗೆ ಏನೇನು ಉದುರಿತ್ತೋ.

ಕೆಲವು ವಾರ ಹಲ್ಲುಕಚ್ಚಿ ಮನೆಯಲ್ಲಿದ್ದಳು. ಮುಂದೆ ತಡೆಯಲಾಗದೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಾರುಕಟ್ಟೆಗೆ ಹೋದಳು. ಅವಳ ಜಾಗದಲ್ಲಿ ಬೇರೊಬ್ಬ ಮೈಕು ಹಿಡಿದಿದ್ದ. "ಸಾಹುಕಾರ್ರೇ, ಒಂದೇ ರಾಶಿ ಕೂಗಿಬಿಡ್ತೀನಿ," ಎಂದು ಮಂಡಿಯ ಯಜಮಾನನನ್ನು ಅಂಗಲಾಚಿದಳು. ಆತ ಹೂಂ ಎಂದ.

ಮೊದಲ ಕೂಗಿಗೆ ಜನ ಹೋ ಎಂದರು. ಎರಡನೆಯದು ಒಡೆಯಿತು. ಮೂರನೆಯದು ಹೊರಡಲೇ ಇಲ್ಲ.

ಗಂಡ ಕರೆದುಕೊಂಡು ಬಂದ. ಮನೆ ಸೇರುವಷ್ಟರಲ್ಲಿ ಬಿಗಿತ ಬಿಟ್ಟಿತ್ತು. ಆದರೂ ಅವಳು ಎದೆ ಹಿಡಿದುಕೊಂಡೇ ಕೂತಿದ್ದಳು. "ಇವತ್ತೆಷ್ಟು ಉದುರ್ತೋ ಕಣ್ರೀ."

"ಔಷಧಿ ತಗೋ."

"ಕೂಗೋಕಾಗ್ದೆ ಇರೋಳಿಗೆ ಯಾಕ್ರೀ ಔಷಧಿ?"

"ನನಗೋಸ್ಕರ," ಎಂದ ಅವನು. ಔಷಧಿ ತಂದು ಮುಂದೆ ಹಿಡಿದ.

ಅವಳು ಕೈ ಚಾಚಿದಳು. ಔಷಧಿ ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆಂದೂ ಮಾರುಕಟ್ಟೆಯತ್ತ ಹೋಗಲಿಲ್ಲ. ಆ ಮಾತು ಎತ್ತಿದವರ ಜೊತೆ ಮಾತನ್ನೂ ಬಿಟ್ಟಳು.